ವೈರಸ್ ಸಾಯಿಸುವ ಜೆಲ್ ಅಂಗಡಿಗೆ ಏಕೆ ಬರಲಿಲ್ಲ?

ಪ್ರಶ್ನೆ: ನಾನು ಬಾಗಲಕೋಟೆಯವಳು, ಎಂ.ಫಾರ್ಮ್ ಓದುತ್ತಿದ್ದೇನೆ. ಹೆಂಗಸರು ತಾವೇ ಬಳಸಿ ಎಚ್‌ಐವಿ ಸೋಂಕಿನಿಂದ ತಪ್ಪಿಸಿಕೊಳ್ಳಬಹುದಾದ ಒಂದು ಜೆಲ್‌ನ ಪ್ರಯೋಗ ಹಿಂದೆ ನಮ್ಮ ಊರಿನಲ್ಲಿಯೇ ನಡೆದು ಅರ್ಧಕ್ಕೆ ನಿಂತಿತೆಂದು, ಆರೋಗ್ಯ ಇಲಾಖೆಯಲ್ಲಿದ್ದ ನಮ್ಮ ದೊಡ್ಡವ್ವ ಹೇಳುತ್ತಿರುತ್ತಾರೆ. ಎಚ್‌ಐವಿ ಬಹಳ ನಾಜೂಕಿನ ವೈರಸ್, ಸಾಬೂನಿಗೂ ಸಾಯುತ್ತದೆ ಎಂದು ನಾವು ಪಾಠದಲ್ಲಿ ಓದಿದ್ದೇವೆ. ಹಾಗಿದ್ದ ಮೇಲೆ ಅಂಥ ಜೆಲ್ ಇಷ್ಟು ವರ್ಷವಾದರೂ ಏಕೆ ಬರಲಿಲ್ಲ? ಬೇವಿನಂಥ ನಮ್ಮ ಮೂಲಿಕೆಗಳಿಂದ ಮಾಡಲಾಗದೆ? ಇದನ್ನು ನನ್ನ ಪ್ರಬಂಧದ ವಿಷಯವಾಗಿ ತೆಗೆದುಕೊಳ್ಳಬಹುದೆ?

ಉತ್ತರ: ನಿಮ್ಮ ದೊಡ್ಡವ್ವ ಹೇಳಿದ್ದು ನಿಜ. ಆ ಜೆಲ್‌ನಲ್ಲಿದ್ದ ವಸ್ತು ಸೆಲ್ಯುಲೋಸ್ ಸಲ್ಫೇಟ್. ಹತ್ತಿಯಲ್ಲೂ ಮರದ ತಿರುಳಿನಲ್ಲೂ ಇರುವ ಸೆಲ್ಯುಲೋಸಿಗೆ ಸಲ್ಫೇಟ್ ಗುಂಪುಗಳನ್ನು ಜೋಡಿಸಿ ತಯಾರಿಸಿದ ಈ ವಸ್ತುವಿನ ಮೂರನೆಯ ಹಂತದ ಪ್ರಯೋಗವನ್ನು ಅಮೆರಿಕದ ಕಾನ್ರಾಡ್ ಸಂಸ್ಥೆ ದಕ್ಷಿಣ ಆಫ್ರಿಕ, ಉಗಾಂಡ ಮತ್ತು ಬೆನಿನ್ ದೇಶಗಳಲ್ಲಿಯೂ, ಭಾರತದ ಚೆನ್ನೈ ಮತ್ತು ಬಾಗಲಕೋಟೆಯಲ್ಲಿಯೂ ಕೈಗೊಂಡಿತ್ತು. 2007ರ ಜನವರಿಯಲ್ಲಿ ಅದನ್ನು ನಿಲ್ಲಿಸಲಾಯಿತು. ಹಣ ಮುಗಿದು ನಿಂತದ್ದಲ್ಲ. ನಡುವೆ ಲೆಕ್ಕ ತೆಗೆದು ನೋಡಿದ ಸ್ವತಂತ್ರ ಸಮಿತಿಗೆ ಜೆಲ್ ಬಳಸಿದವರಲ್ಲಿಯೇ ಸೋಂಕು ಹೆಚ್ಚಿರುವಂತೆ ಕಂಡದ್ದು ಕಾರಣ. ಆಮೇಲೆ ಪ್ರಕಟವಾದ ಅಂತಿಮ ಲೆಕ್ಕದಂತೆ 1,398 ಮಹಿಳೆಯರ ಪೈಕಿ ಹೊಸದಾಗಿ ಸೋಂಕು ತಗುಲಿದವರು 41 ಮಂದಿ. ಅವರಲ್ಲಿ 25 ಮಂದಿ ಔಷಧಿಯ ಜೆಲ್ ಪಡೆದವರು, 16 ಮಂದಿ ಔಷಧಿಯಿಲ್ಲದ ಪ್ಲಸೀಬೊ ಜೆಲ್ ಪಡೆದವರು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು, ಆದರೆ ರಕ್ಷಣೆಯ ಸುಳಿವಂತೂ ಅದರಲ್ಲಿ ಇರಲಿಲ್ಲ. ಇದೇ ವಸ್ತು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ವೈರಸ್ಸನ್ನು ಚೆನ್ನಾಗಿಯೇ ತಡೆದಿತ್ತು. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಇಂಥ ಜೆಲ್ ಬೇಕೆಂಬ ಮಾತು ಹುಟ್ಟಿದ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ನಿರೋಧ್ ಅಗ್ಗವಾದದ್ದು, ಸರಿಯಾಗಿ ಬಳಸಿದರೆ ಬಹಳ ಪರಿಣಾಮಕಾರಿಯಾದದ್ದು. ಆದರೆ ಅದನ್ನು ಹಾಕಿಕೊಳ್ಳಬೇಕಾದವನು ಗಂಡಸು. ಅವನು ಒಲ್ಲೆನೆಂದರೆ ಹೆಂಡತಿಯಾಗಲಿ, ಲೈಂಗಿಕ ಕಾರ್ಯಕರ್ತೆಯಾಗಲಿ ಮಾಡಬಹುದಾದದ್ದು ಕಡಿಮೆ. ಹೆಂಗಸರು ತಾವೇ ಬಳಸಬಲ್ಲ ವಿಧಾನಗಳು ಬೇಕೆಂದು ಜೀನಾ ಸ್ಟೈನ್ ಎಂಬ ಸೋಂಕುಶಾಸ್ತ್ರಜ್ಞೆ 1990ರಲ್ಲಿ ಬರೆದ ಲೇಖನದಿಂದ ಈ ಕ್ಷೇತ್ರಕ್ಕೆ ದಿಕ್ಕು ಸಿಕ್ಕಿತು. ಯೋನಿಯಲ್ಲಿಯೋ ಗುದದ್ವಾರದಲ್ಲಿಯೋ ಹಚ್ಚಿಕೊಂಡು, ಸೋಂಕನ್ನು ಅದು ಒಳಬರುವ ಬಾಗಿಲಿನಲ್ಲಿಯೇ ತಡೆಯುವ ಉತ್ಪನ್ನಕ್ಕೆ ಮೈಕ್ರೋಬಿಸೈಡ್ ಎಂಬ ಹೆಸರು ಬಂತು.

ಈಗ ಸಾಬೂನಿನ ವಿಷಯ. ಎಚ್‌ಐವಿಯ ಹೊರ ಹೊದಿಕೆ ಕೊಬ್ಬಿನದು, ಸಾಬೂನು ಅದನ್ನು ಒಡೆಯುತ್ತದೆ ಎಂಬ ನಿಮ್ಮ ಪಾಠ ತಪ್ಪಲ್ಲ. ಆದರೆ ಆ ಹೊದಿಕೆಯನ್ನು ವೈರಸ್ ತಂದುಕೊಂಡದ್ದು ನಮ್ಮ ಜೀವಕೋಶದಿಂದಲೇ. ವೈರಸ್ಸಿನ ಕೊಬ್ಬಿಗೂ ನಮ್ಮ ಜೀವಕೋಶದ ಕೊಬ್ಬಿಗೂ ಸಾಬೂನು ಭೇದ ಮಾಡುವುದಿಲ್ಲ. ವೀರ್ಯನಾಶಕವಾಗಿ ಬಹುಕಾಲದಿಂದ ಬಳಕೆಯಲ್ಲಿದ್ದ ನೊನಾಕ್ಸಿನಾಲ್-9 ಕೂಡ ಒಂದು ಬಗೆಯ ಮಾರ್ಜಕವೇ, ಅಂದರೆ ಸಾಬೂನಿನಂತೆ ಕೊಬ್ಬನ್ನು ಒಡೆಯುವ ವಸ್ತು. ಅಂಗಡಿಯಲ್ಲಿ ಅದಾಗಲೇ ಸಿಗುತ್ತಿದ್ದ ವಸ್ತುವಾದ್ದರಿಂದ ಎಲ್ಲರ ಕಣ್ಣೂ ಮೊದಲು ಅದರ ಮೇಲೆ ಬಿತ್ತು. ಬೆನಿನ್, ಕೋತ್ ದಿವ್ವಾರ್, ದಕ್ಷಿಣ ಆಫ್ರಿಕ ಮತ್ತು ಥಾಯ್ಲೆಂಡಿನ ಲೈಂಗಿಕ ಕಾರ್ಯಕರ್ತೆಯರಲ್ಲಿ ನಡೆದ ಪ್ರಯೋಗದ ಫಲಿತಾಂಶ 2000ದಲ್ಲಿ ಡರ್ಬನ್‌ನ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಹೊರಬಂದಾಗ ಸಭೆಯೇ ಬೆಚ್ಚಿತು. ನೊನಾಕ್ಸಿನಾಲ್ ಗುಂಪಿನಲ್ಲಿ 59 ಮಂದಿಗೆ ಸೋಂಕು ತಗುಲಿತ್ತು, ಪ್ಲಸೀಬೊ ಗುಂಪಿನಲ್ಲಿ 45 ಮಂದಿಗೆ. ದಿನಕ್ಕೆ ಸರಾಸರಿ ಮೂರೂವರೆ ಬಾರಿಗಿಂತ ಹೆಚ್ಚು ಬಳಸಿದವರಲ್ಲಿ ಅಪಾಯ ಸುಮಾರು ಇಮ್ಮಡಿಯಾಗಿತ್ತು. ಅಂದರೆ ಹೆಚ್ಚು ಎಚ್ಚರಿಕೆಯಿಂದ ಇದ್ದವರಿಗೇ ಹೆಚ್ಚು ಹಾನಿ.

ಆದದ್ದು ಇಷ್ಟೇ. ಯೋನಿಯ ಒಳಗೋಡೆ ಹಲವು ಪದರಗಳ ಚಪ್ಪಟೆ ಕೋಶಗಳಿಂದ ಆದದ್ದು, ಸಾಕಷ್ಟು ಗಟ್ಟಿ. ಗರ್ಭಕಂಠದ ಒಳಭಾಗವೂ ಗುದನಾಳವೂ ಒಂದೇ ಒಂದು ಪದರದ ಹೊದಿಕೆಯವು. ಮಾರ್ಜಕ ಈ ಹೊದಿಕೆಯನ್ನು ಕಿತ್ತರೆ ವೈರಸ್ಸಿಗೆ ದಾರಿ ತೆರೆಯುತ್ತದೆ. ಜೊತೆಗೆ, ಗಾಯವಾದ ಕಡೆ ಉರಿಯೂತ ಉಂಟಾಗಿ, ದೇಹ ಅಲ್ಲಿಗೆ ಬಿಳಿರಕ್ತಕಣಗಳನ್ನು ಕಳುಹಿಸುತ್ತದೆ. ಅವುಗಳಲ್ಲಿ ಎಚ್‌ಐವಿಗೆ ಬೇಕಾದ ಸಿಡಿ4 ಕೋಶಗಳೂ ಇರುತ್ತವೆ. ಕಳ್ಳನಿಗೆ ಬಾಗಿಲು ಮುರಿದು ಕೊಟ್ಟು, ಒಳಗೆ ಎಲೆ ಹಾಕಿ ಊಟಕ್ಕೆ ಕರೆದಂತೆ. ಅಲ್ಲದೆ ಆರೋಗ್ಯವಂತ ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯ ಲ್ಯಾಕ್ಟಿಕ್ ಆಮ್ಲ ತಯಾರಿಸಿ, ಹುಳಿಯ ಅಳತೆಯಾದ ಪಿಎಚ್ ಅನ್ನು 3.5ರಿಂದ 4.5ರ ನಡುವೆ ಇಟ್ಟಿರುತ್ತದೆ. ಈ ಹುಳಿಯೇ ಒಂದು ಸಹಜ ರಕ್ಷಣೆ. ವೈರಸ್ಸನ್ನು ಕೊಲ್ಲುವ ಭರದಲ್ಲಿ ಈ ಬ್ಯಾಕ್ಟೀರಿಯವನ್ನೂ ಕೊಂದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ನೀವು ಫಾರ್ಮಸಿಯವರಾದ್ದರಿಂದ ಔಷಧಿಗಿಂತ ಅದನ್ನು ಹೊತ್ತ ಜೆಲ್‌ನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮಾರನೆಯ ಬೆಳಿಗ್ಗೆ ಹೋಳು ಮುದುಡಿ, ತಳದಲ್ಲಿ ನೀರು ನಿಂತಿರುತ್ತದಲ್ಲವೆ? ಜೆಲ್ ಒಣಗದಂತೆ, ನುಣುಪಾಗಿರುವಂತೆ ನಾವು ಹಾಕುವ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಲೋಳೆಪೊರೆಯ ಮೇಲೆ ಅದೇ ಕೆಲಸ ಮಾಡುತ್ತವೆ. ರಕ್ತದ ಆಸ್ಮೋಲಾಲಿಟಿ, ಅಂದರೆ ಹೀಗೆ ನೀರನ್ನು ಎಳೆಯುವ ಕರಗಿದ ಕಣಗಳ ಸಾಂದ್ರತೆ, ಕಿಲೋಗ್ರಾಂಗೆ ಸುಮಾರು 290 ಮಿಲಿಆಸ್ಮೋಲ್. ಮುಂದೆ ಹೇಳಲಿರುವ ಟೆನೊಫೊವಿರ್ ಜೆಲ್‌ನ ಮೊದಲ ಸೂತ್ರದ ಆಸ್ಮೋಲಾಲಿಟಿ 3,000ಕ್ಕೂ ಹೆಚ್ಚಿತ್ತು. ಯೋನಿಯ ಬಹುಪದರದ ಗೋಡೆ ಅದನ್ನು ತಾಳಿಕೊಂಡಿತು, ಗುದನಾಳದ ಒಂಟಿ ಪದರ ತಾಳಿಕೊಳ್ಳಲಿಲ್ಲ. ಹಾಗಾಗಿ ಗ್ಲಿಸರಿನ್ ಕಡಿಮೆ ಮಾಡಿ ಬೇರೆ ಸೂತ್ರವನ್ನೇ ರೂಪಿಸಬೇಕಾಯಿತು. ಔಷಧಿ ಅದೇ, ಪ್ರಮಾಣ ಅದೇ, ಬದಲಾದದ್ದು ನಾವು ‘ನಿಷ್ಕ್ರಿಯ’ ಎಂದು ಕರೆಯುವ ಪದಾರ್ಥ ಮಾತ್ರ. ನಿಷ್ಕ್ರಿಯ ಎಂಬ ಈ ಪದವನ್ನು ಪಠ್ಯಪುಸ್ತಕಗಳಿಂದ ತೆಗೆದುಹಾಕಿದರೆ ಒಳ್ಳೆಯದೆಂದು ನನಗೆ ಎಷ್ಟೋ ಸಲ ಅನಿಸಿದೆ. ಪ್ಲಸೀಬೊ ಜೆಲ್ ಕೂಡ ಸುಮ್ಮನೆ ಸಿಕ್ಕಿದ್ದಲ್ಲ: ಅದು ಹಾನಿ ಮಾಡಿದರೆ ಔಷಧಿಯಲ್ಲಿ ಇಲ್ಲದ ಗುಣವೂ ಇರುವಂತೆ ಕಾಣಿಸುತ್ತದೆ, ತಾನೇ ರಕ್ಷಿಸಿದರೆ ಔಷಧಿಯ ಗುಣವನ್ನು ಮರೆಮಾಚುತ್ತದೆ. ಎರಡನ್ನೂ ಮಾಡದ ಹೈಡ್ರಾಕ್ಸಿಎಥಿಲ್ ಸೆಲ್ಯುಲೋಸ್ ಜೆಲ್ ಅನ್ನು ಅದಕ್ಕೆಂದೇ ರೂಪಿಸಿ, ಪರೀಕ್ಷಿಸಿ, ಅನೇಕ ಪ್ರಯೋಗಗಳಲ್ಲಿ ಬಳಸಲಾಯಿತು.

ಮಾರ್ಜಕಗಳನ್ನು ಕೈಬಿಟ್ಟ ಮೇಲೆ ಬಂದದ್ದು ಸೆಲ್ಯುಲೋಸ್ ಸಲ್ಫೇಟಿನ ಬಳಗ. ಋಣ ವಿದ್ಯುದಂಶ ಹೊತ್ತ ಉದ್ದುದ್ದ ಅಣುಗಳು ಇವು. ವೈರಸ್ಸಿನ ಮೇಲ್ಮೈಯಲ್ಲಿರುವ ಧನಾಂಶದ ಭಾಗಗಳಿಗೆ ಅಂಟಿಕೊಂಡು, ಅದು ಜೀವಕೋಶಕ್ಕೆ ಕಚ್ಚಿಕೊಳ್ಳದಂತೆ ಮಾಡಬೇಕೆಂಬುದು ಎಣಿಕೆ. ಪರೀಕ್ಷಾನಾಳದಲ್ಲಿ ವೀರ್ಯ ಇರಲಿಲ್ಲ. ದೇಹದಲ್ಲಿ ವೀರ್ಯವೂ ಲೋಳೆಯೂ ಸೇರಿದಾಗ ಇವುಗಳ ಶಕ್ತಿ ಕುಗ್ಗುತ್ತದೆಂಬುದು ನಿಧಾನವಾಗಿ ಸ್ಪಷ್ಟವಾಯಿತು. ಪ್ರೊ 2000 ಎಂಬ ಇದೇ ಜಾತಿಯ ಜೆಲ್, ಒಂದು ಪ್ರಯೋಗದಲ್ಲಿ ಸುಮಾರು 30 ಶೇಕಡ ರಕ್ಷಣೆಯ ಸುಳಿವು ಕೊಟ್ಟು ಆಸೆ ಹುಟ್ಟಿಸಿ, ಆಫ್ರಿಕದ ನಾಲ್ಕು ದೇಶಗಳ 9,385 ಮಹಿಳೆಯರ ದೊಡ್ಡ ಪ್ರಯೋಗದಲ್ಲಿ ಏನೂ ಇಲ್ಲವೆಂದು 2009ರ ಕೊನೆಯಲ್ಲಿ ತೀರ್ಮಾನವಾಯಿತು.

ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್ ಬಳಸಿದ ಕ್ಯಾರಗಾರ್ಡ್ ಜೆಲ್‌ನ ಕತೆಯನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ದಕ್ಷಿಣ ಆಫ್ರಿಕದ 6,202 ಮಹಿಳೆಯರು ಅದರಲ್ಲಿ ಪಾಲ್ಗೊಂಡಿದ್ದರು. ಜೆಲ್ ಸುರಕ್ಷಿತವೆಂದು ಕಂಡುಬಂತು, ಆದರೆ ರಕ್ಷಣೆ ಕೊಡಲಿಲ್ಲ. ಬಳಸಿದಿರಾ ಎಂದು ಕೇಳಿದರೆ ಬಹುತೇಕ ಎಲ್ಲರೂ ಬಳಸಿದೆವು ಎನ್ನುತ್ತಿದ್ದರು. ಸಂಶೋಧಕರು ಅದೃಷ್ಟಕ್ಕೆ ಇನ್ನೊಂದು ಕೆಲಸವನ್ನೂ ಮಾಡಿದ್ದರು: ಬಳಸಿದ ಅಪ್ಲಿಕೇಟರುಗಳನ್ನು, ಅಂದರೆ ಜೆಲ್ ಅನ್ನು ಒಳಗೆ ಹಾಕುವ ಪ್ಲಾಸ್ಟಿಕ್ ನಳಿಕೆಗಳನ್ನು, ಹಿಂದಕ್ಕೆ ಪಡೆದು, ಅವುಗಳ ಮೇಲೆ ಬಣ್ಣದ ದ್ರಾವಣ ಸಿಂಪಡಿಸಿ ನೋಡುವುದು. ಯೋನಿಯ ಲೋಳೆ ತಾಗಿದ್ದರೆ ಪ್ಲಾಸ್ಟಿಕ್ ಮೇಲೆ ಗೀರುಗೀರಾಗಿ ಬಣ್ಣ ಹಿಡಿಯುತ್ತದೆ. ಜೆಲ್ ಅನ್ನು ಸುಮ್ಮನೆ ಹೊರಗೆ ಒತ್ತಿ ಬಿಸಾಡಿದ್ದರೆ ಹಿಡಿಯುವುದಿಲ್ಲ. ಹಾಗೆ ಲೆಕ್ಕ ಹಾಕಿದಾಗ ಜೆಲ್ ನಿಜವಾಗಿ ಬಳಕೆಯಾದದ್ದು ಸರಾಸರಿ 42 ಶೇಕಡ ಸಂದರ್ಭಗಳಲ್ಲಿ. ಆ ಹೆಂಗಸರು ಸುಳ್ಳು ಹೇಳಿದರೆಂದು ಬೈಯುವುದು ಸುಲಭ. ಗಂಡ ಮನೆಗೆ ಬರುವ ಹೊತ್ತು ತಿಳಿಯದ, ಬಚ್ಚಲಮನೆಗೆ ಬಾಗಿಲಿಲ್ಲದ, ಒಂದೇ ಕೋಣೆಯಲ್ಲಿ ಅತ್ತೆ ಮಕ್ಕಳೆಲ್ಲ ಮಲಗುವ ಮನೆಯಲ್ಲಿ ಅಪ್ಲಿಕೇಟರ್ ಹಿಡಿದು ಎದ್ದುಹೋಗುವುದನ್ನು ಒಮ್ಮೆ ಊಹಿಸಿಕೊಳ್ಳಿ.

ಪ್ರಯೋಗಗಳು ಇಷ್ಟು ದೊಡ್ಡವಾಗಿ, ಇಷ್ಟು ನಿಧಾನವಾಗಿ ನಡೆಯಲು ಇನ್ನೊಂದು ಕಾರಣವಿದೆ. ಪಾಲ್ಗೊಂಡ ಪ್ರತಿಯೊಬ್ಬರಿಗೂ ನಿರೋಧ್, ಆಪ್ತಸಮಾಲೋಚನೆ, ಇತರ ಲೈಂಗಿಕ ರೋಗಗಳಿಗೆ ಚಿಕಿತ್ಸೆ ಕೊಡಲೇಬೇಕು; ಕೊಡದಿರುವುದು ಅನ್ಯಾಯ. ಕೊಟ್ಟರೆ ಸೋಂಕು ಇಳಿಯುತ್ತದೆ, ಸೋಂಕು ಇಳಿದರೆ ಜೆಲ್‌ನ ಪರಿಣಾಮವನ್ನು ಅಳೆಯಲಾಗುವುದಿಲ್ಲ. ಸ್ಯಾವಿ ಎಂಬ ಇನ್ನೊಂದು ಮಾರ್ಜಕ ಜೆಲ್‌ನ ಪ್ರಯೋಗಗಳು ಘಾನ ಮತ್ತು ನೈಜೀರಿಯದಲ್ಲಿ 2005–06ರಲ್ಲಿ ನಿಂತದ್ದು ಸೋಂಕು ಎಣಿಸಿದ್ದಕ್ಕಿಂತ ಕಡಿಮೆಯಾಯಿತೆಂಬ ಕಾರಣಕ್ಕೆ. ವರ್ಷಕ್ಕೆ ನೂರರಲ್ಲಿ ನಾಲ್ವರಿಗೆ ಸೋಂಕು ತಗುಲುವ ಕಡೆ ಮೂರನೆಯ ಒಂದು ಭಾಗದಷ್ಟು ರಕ್ಷಿಸುವ ಜೆಲ್ ಇದೆಯೆಂದುಕೊಂಡರೆ, ಎರಡೂ ಗುಂಪಿನಲ್ಲಿ ಸಾವಿರ ಸಾವಿರ ಮಂದಿಯನ್ನು ಒಂದು ವರ್ಷ ಅನುಸರಿಸಿದರೂ ಸಿಗುವುದು 40 ಮತ್ತು 27ರ ನಡುವಿನ ವ್ಯತ್ಯಾಸ. ಅಷ್ಟು ಚಿಕ್ಕ ವ್ಯತ್ಯಾಸದಿಂದ ಖಚಿತವಾಗಿ ಏನನ್ನೂ ಹೇಳಲಾಗದು.

ತಿರುವು ಬಂದದ್ದು ವೈರಸ್ಸನ್ನು ಹೊರಗೆ ಕೊಲ್ಲುವ ಯೋಚನೆಯನ್ನೇ ಬಿಟ್ಟಾಗ. ಎಚ್‌ಐವಿ ಚಿಕಿತ್ಸೆಗೆ ಬಳಸುವ ಟೆನೊಫೊವಿರ್ ಅನ್ನು ಶೇಕಡ 1ರ ಜೆಲ್ ಮಾಡಿ ಹಚ್ಚಿದರೆ ಅದು ಅಂಗಾಂಶದ ಒಳಕ್ಕಿಳಿದು, ಜೀವಕೋಶದೊಳಗೆ ಎರಡು ಫಾಸ್ಫೇಟುಗಳನ್ನು ಪಡೆದು ಸಕ್ರಿಯವಾಗಿ, ಒಳಬಂದ ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆದುಕೊಳ್ಳದಂತೆ ತಡೆಯುತ್ತದೆ. ಈ ಜೆಲ್‌ನ ಸುರಕ್ಷತೆಯ ಒಂದು ಪ್ರಯೋಗದಲ್ಲಿ ಪುಣೆಯ ಮಹಿಳೆಯರೂ ಪಾಲ್ಗೊಂಡಿದ್ದರು. ಕ್ವರೈಶಾ ಮತ್ತು ಸಲೀಂ ಅಬ್ದುಲ್ ಕರೀಂ ದಂಪತಿಗಳ ನೇತೃತ್ವದಲ್ಲಿ ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಪ್ರಾಂತದ 889 ಮಹಿಳೆಯರಲ್ಲಿ ನಡೆದ ಕ್ಯಾಪ್ರಿಸಾ 004 ಪ್ರಯೋಗದ ಫಲಿತಾಂಶ 2010ರ ಜುಲೈನಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು: ಪ್ಲಸೀಬೊ ಗುಂಪಿನಲ್ಲಿ 60 ಸೋಂಕು, ಟೆನೊಫೊವಿರ್ ಗುಂಪಿನಲ್ಲಿ 38, ಅಂದರೆ 39 ಶೇಕಡ ರಕ್ಷಣೆ. ಕೂಟಕ್ಕೆ ಮುಂಚಿನ 12 ಗಂಟೆಯೊಳಗೆ ಒಮ್ಮೆ, ಆಮೇಲಿನ 12 ಗಂಟೆಯೊಳಗೆ ಇನ್ನೊಮ್ಮೆ ಹಚ್ಚಿಕೊಳ್ಳುವುದು ಅದರ ಕ್ರಮ. ಹೆಚ್ಚು ತಪ್ಪದೆ ಬಳಸಿದವರಲ್ಲಿ ರಕ್ಷಣೆ 54 ಶೇಕಡಕ್ಕೆ ಏರಿತ್ತು. ಮೈಕ್ರೋಬಿಸೈಡ್ ಸಾಧ್ಯವೆಂದು ಮೊದಲ ಬಾರಿಗೆ ರುಜುವಾತಾಯಿತು.

ಸಂತೋಷ ಬಹಳ ದಿನ ಉಳಿಯಲಿಲ್ಲ. ವಾಯ್ಸ್ ಎಂಬ ಪ್ರಯೋಗದಲ್ಲಿ ಅದೇ ಜೆಲ್ ಅನ್ನು ದಿನಕ್ಕೊಮ್ಮೆ ಹಚ್ಚಿಕೊಳ್ಳಲು ಹೇಳಲಾಗಿತ್ತು, ರಕ್ಷಣೆ ಕಾಣಲಿಲ್ಲ. ಕೇಳಿದಾಗ ಸುಮಾರು 90 ಶೇಕಡ ಬಳಕೆ ಎಂಬ ಉತ್ತರ ಬಂದಿತ್ತು, ಆದರೆ ಜೆಲ್ ಗುಂಪಿನ ರಕ್ತದ ಮಾದರಿಗಳಲ್ಲಿ ಔಷಧಿಯ ಅಂಶ ಸಿಕ್ಕಿದ್ದು ನಾಲ್ಕರಲ್ಲಿ ಒಂದರಷ್ಟರಲ್ಲಿ. ಕ್ಯಾಪ್ರಿಸಾದ ಕ್ರಮವನ್ನೇ ಅನುಸರಿಸಿದ ಫ್ಯಾಕ್ಟ್ಸ್ 001 ಪ್ರಯೋಗದ ಲೆಕ್ಕ 2015ರಲ್ಲಿ ಬಂತು: ಔಷಧಿಯ ಗುಂಪಿನಲ್ಲಿ 61 ಸೋಂಕು, ಪ್ಲಸೀಬೊ ಗುಂಪಿನಲ್ಲಿ 62. ಟೆನೊಫೊವಿರ್ ಜೆಲ್ ಅಲ್ಲಿಗೆ ಮುಗಿಯಿತು. ಇದರಲ್ಲಿ ಪೂರ್ತಿ ತಪ್ಪು ಬಳಸದವರದ್ದೂ ಅಲ್ಲ. ಕ್ಯಾಪ್ರಿಸಾದಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಮತ್ತೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಲ್ಯಾಕ್ಟೋಬ್ಯಾಸಿಲಸ್ ಪ್ರಧಾನವಾಗಿದ್ದವರಲ್ಲಿ ರಕ್ಷಣೆ 61 ಶೇಕಡ, ಇಲ್ಲದವರಲ್ಲಿ 18 ಶೇಕಡ ಎಂದು ತೋರಿಸಿತು. ಗಾರ್ಡ್ನರೆಲ್ಲ ಎಂಬ ಬ್ಯಾಕ್ಟೀರಿಯ ಟೆನೊಫೊವಿರ್ ಅನ್ನು ಜೀವಕೋಶ ಸೇರುವ ಮೊದಲೇ ಒಡೆದುಹಾಕುತ್ತದೆಂಬುದೂ ತಿಳಿಯಿತು. ಪರೀಕ್ಷಾನಾಳದಲ್ಲಿ ಗಾರ್ಡ್ನರೆಲ್ಲವೂ ಇರಲಿಲ್ಲ.

ಪ್ರತಿ ಸಲವೂ ನೆನಪಿಟ್ಟು ಹಚ್ಚಿಕೊಳ್ಳುವ ಹೊರೆಯನ್ನು ಇಳಿಸಿದ್ದು ಡ್ಯಾಪಿವಿರಿನ್ ಉಂಗುರ. ಡ್ಯಾಪಿವಿರಿನ್ ಎಂಬ ಎಚ್‌ಐವಿ ಔಷಧಿ ತುಂಬಿದ, ಯೋನಿಯೊಳಗೆ ಇಟ್ಟುಕೊಳ್ಳುವ, ಸಿಲಿಕೋನಿನ ಬೆಳ್ಳನೆಯ ಬಳುಕುವ ಉಂಗುರ ಅದು. ಹೊರ ವ್ಯಾಸ 56 ಮಿಲಿಮೀಟರ್, ದಪ್ಪ 7.7 ಮಿಲಿಮೀಟರ್. ಎರಡು-ನಾಲ್ಕರ ಅಳತೆಯ ಬಳೆಯೊಳಗೆ ಸರಿಯಾಗಿ ಕೂರುತ್ತದೆ ಎಂದರೆ ನಿಮಗೆ ಗಾತ್ರ ತಿಳಿದೀತು. ಅದರಲ್ಲಿ 25 ಮಿಲಿಗ್ರಾಂ ಔಷಧಿ ಇರುತ್ತದೆ, ತಿಂಗಳಿನಲ್ಲಿ ಹೊರಬರುವುದು ಸುಮಾರು 4 ಮಿಲಿಗ್ರಾಂ ಮಾತ್ರ. ಉಳಿದದ್ದು ಸಿಲಿಕೋನಿನಲ್ಲಿಯೇ ಇದ್ದು ಹೊರಕ್ಕೆ ನೂಕುವ ಒತ್ತಡವನ್ನು ಕಾಯ್ದುಕೊಳ್ಳುತ್ತದೆ. ನೀರಿನಲ್ಲಿ ಕರಗಲೊಲ್ಲದ ಡ್ಯಾಪಿವಿರಿನ್ ಗುಳಿಗೆಯಾಗಿ ಮುಂದೆ ಬರಲಿಲ್ಲ, ಉಂಗುರಕ್ಕೆ ಆ ಗುಣವೇ ಒದಗಿಬಂತು. ಮಹಿಳೆಯೇ ಹಾಕಿಕೊಳ್ಳಬಹುದು, ತಿಂಗಳಿಗೊಮ್ಮೆ ಬದಲಿಸಿದರೆ ಸಾಕು. ಇಂಟರ್‌ನ್ಯಾಷನಲ್ ಪಾರ್ಟ್‌ನರ್‌ಶಿಪ್ ಫಾರ್ ಮೈಕ್ರೋಬಿಸೈಡ್ಸ್ ಎಂಬ ಲಾಭರಹಿತ ಸಂಸ್ಥೆ 2004ರಲ್ಲಿ ಔಷಧ ಕಂಪನಿಯಿಂದ ರಾಯಧನವಿಲ್ಲದೆ ಹಕ್ಕು ಪಡೆದು ಇದನ್ನು ಬೆಳೆಸಿತು. 2016ರಲ್ಲಿ ಹೊರಬಂದ ಎರಡು ಪ್ರಯೋಗಗಳಲ್ಲಿ ರಕ್ಷಣೆ 27 ಮತ್ತು 31 ಶೇಕಡ. 21ಕ್ಕಿಂತ ಕೆಳಗಿನ ವಯಸ್ಸಿನವರಲ್ಲಿ ಉಂಗುರ ಹೆಚ್ಚು ಹೊತ್ತು ಹೊರಗೇ ಉಳಿದು, ಫಲ ಕಾಣಲಿಲ್ಲ. ಯುರೋಪಿನ ಔಷಧ ಸಂಸ್ಥೆ 2020ರ ಜುಲೈನಲ್ಲಿ ಒಪ್ಪಿಗೆಯ ಅಭಿಪ್ರಾಯ ಕೊಟ್ಟಿತು, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು, ಜಿಂಬಾಬ್ವೆ, ದಕ್ಷಿಣ ಆಫ್ರಿಕ ಮೊದಲಾದ ದೇಶಗಳು ಅನುಮತಿಸಿದವು. ಅಮೆರಿಕದಲ್ಲಿ ಮಾತ್ರ ಅರ್ಜಿಯನ್ನು 2021ರ ಡಿಸೆಂಬರಿನಲ್ಲಿ ಹಿಂತೆಗೆದುಕೊಳ್ಳಲಾಯಿತು. ಮೂವತ್ತು ಶೇಕಡ ರಕ್ಷಣೆಯನ್ನು ಕಡಿಮೆಯೆಂದು ಬದಿಗಿಡುವವರೊಂದಿಗೆ ನಾನು ಒಪ್ಪುವುದಿಲ್ಲ. ಗುಳಿಗೆ ನುಂಗಿದರೆ ಮನೆಯಲ್ಲಿ ಅನುಮಾನ ಬರುವ ಹೆಂಗಸಿಗೆ ಹೋಲಿಸಿ ನೋಡಬೇಕಾದದ್ದು ನೂರರ ಜೊತೆಗಲ್ಲ, ಸೊನ್ನೆಯ ಜೊತೆಗೆ.

ಮೂಲಿಕೆಗಳ ಬಗ್ಗೆ ಕೇಳಿದ್ದೀರಿ. ಪ್ರಯತ್ನ ಆಗಿದೆ. ರೋಗನಿರೋಧಶಾಸ್ತ್ರಜ್ಞ ಜಿ.ಪಿ. ತಲ್ವಾರ್ ಅವರು ಬೇವಿನ ಸಾರ ಮತ್ತು ನಮ್ಮ ಅಂಟುವಾಳದ ಜಾತಿಯ ರೀಠಾಕಾಯಿಯ ಸ್ಯಾಪೋನಿನ್ ಬಳಸಿ ಪ್ರನೀಮ್ ಎಂಬ ಉತ್ಪನ್ನವನ್ನು ರೂಪಿಸಿದ್ದರು, ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲಿ ಅದರ ಸುರಕ್ಷತೆಯ ಪರೀಕ್ಷೆಗಳೂ ನಡೆದವು. ಎಚ್‌ಐವಿ ತಡೆಗಟ್ಟುತ್ತದೆಂದು ಸಾಬೀತಾಗುವ ಹಂತಕ್ಕೆ ಅದು ತಲುಪಲಿಲ್ಲ. ಅಂಟುವಾಳ ನೊರೆ ಬರುವುದು ಸ್ಯಾಪೋನಿನ್‌ನಿಂದ, ಸ್ಯಾಪೋನಿನ್ ಕೂಡ ಮಾರ್ಜಕ; ನೊನಾಕ್ಸಿನಾಲ್‌ಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಅದಕ್ಕೂ ಕೇಳಬೇಕು, ಮರದಿಂದ ಬಂದದ್ದೆಂಬ ರಿಯಾಯಿತಿ ಲೋಳೆಪೊರೆ ಕೊಡುವುದಿಲ್ಲ. ನಿಂಬೆರಸವನ್ನೂ ಪರೀಕ್ಷಿಸಿದ್ದರು: ವೈರಸ್ ಸಾಯುವಷ್ಟು ಗಟ್ಟಿ ರಸ ಒಳಪದರವನ್ನೂ ಸುಡುತ್ತದೆ. ಇಂಥ ಯಾವುದನ್ನೂ ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು.

ಈಗಿನ ಸ್ಥಿತಿ ಹೀಗಿದೆ. ಜೆಲ್ ಯಾವುದೂ ಬಳಕೆಗೆ ಬಂದಿಲ್ಲ, ಉಂಗುರ ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ನಿರೋಧ್ ಇದೆ, ಮುಂಜಾಗ್ರತೆಗೆ ನುಂಗುವ ಮಾತ್ರೆ ಇದೆ, ಮೈಸೂರಿನಲ್ಲಿ ಆಶೋದಯ ಸಮಿತಿಯ ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತು ಅದರ ಪ್ರಾಯೋಗಿಕ ಯೋಜನೆಯನ್ನು ನಡೆಸಿ ತೋರಿಸಿದ್ದಾರೆ, ಅಪಾಯಕ್ಕೆ ಒಳಗಾದ ಮೇಲೆ 72 ಗಂಟೆಯೊಳಗೆ ಆರಂಭಿಸುವ 28 ದಿನಗಳ ಚಿಕಿತ್ಸೆಯೂ ಇದೆ. ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಲೆನಕಾಪವಿರ್ ಎಂಬ ಔಷಧಿ ಪಡೆದ ದಕ್ಷಿಣ ಆಫ್ರಿಕ ಮತ್ತು ಉಗಾಂಡದ 2,134 ಮಹಿಳೆಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲವೆಂಬ ಫಲಿತಾಂಶ 2024ರಲ್ಲಿ ಬಂದ ಮೇಲೆ ಮೈಕ್ರೋಬಿಸೈಡಿನ ಹಾದಿ ಇನ್ನಷ್ಟು ಕಡಿದಾಗಿದೆ: ಇಷ್ಟು ಒಳ್ಳೆಯ ರಕ್ಷಣೆ ಇರುವಾಗ ಯಾರಿಗೂ ಬರೀ ಪ್ಲಸೀಬೊ ಕೊಟ್ಟು ಕಾಯಲಾಗದು. ಆದರೂ ಮೂರು ತಿಂಗಳು ಉಳಿಯುವ 100 ಮಿಲಿಗ್ರಾಂ ಉಂಗುರ, ಗರ್ಭವನ್ನೂ ಸೋಂಕನ್ನೂ ಒಟ್ಟಿಗೆ ತಡೆಯುವ ಉಂಗುರ, ಬೇಗ ಕರಗುವ ಗುಳಿಗೆಯಂಥ ಇನ್ಸರ್ಟುಗಳ ಕೆಲಸ ನಡೆದಿದೆ.

ಪ್ರಬಂಧಕ್ಕೆ ವಿಷಯ ಖಂಡಿತ ಆಗುತ್ತದೆ, ಆದರೆ ಎರಡು ವರ್ಷದಲ್ಲಿ ಹೊಸ ಮೈಕ್ರೋಬಿಸೈಡ್ ಮಾಡುತ್ತೇನೆಂದು ಹೊರಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಲೂಬ್ರಿಕೆಂಟಿನ, ಅಂದರೆ ಕೂಟದಲ್ಲಿ ನುಣುಪಿಗೆ ಹಚ್ಚುವ ಜೆಲ್‌ನ, ಆಸ್ಮೋಲಾಲಿಟಿ 380ನ್ನು ಮೀರದಿರುವುದು ಒಳ್ಳೆಯದು, 1,200ನ್ನಂತೂ ಮೀರಬಾರದು. ಯೋನಿಯಲ್ಲಿ ಬಳಸುವುದರ ಪಿಎಚ್ 4.5ರ ಆಸುಪಾಸಿನಲ್ಲಿರಬೇಕು. ನಿಮ್ಮ ಊರಿನ ಮೆಡಿಕಲ್ ಸ್ಟೋರುಗಳಲ್ಲಿ ಸಿಗುವ ಇಂಥ ಲೂಬ್ರಿಕೆಂಟ್ ಜೆಲ್‌ಗಳನ್ನೆಲ್ಲ ಕೊಂಡು ತನ್ನಿ. ಆಸ್ಮೋಮೀಟರಿನಲ್ಲಿ ಅಳೆಯಿರಿ, ಪಿಎಚ್ ನೋಡಿ, ಲ್ಯಾಕ್ಟೋಬ್ಯಾಸಿಲಸ್ ಜೊತೆ ಬೆಳೆಸಿ ಅದು ಬದುಕುತ್ತದೆಯೇ ಪರೀಕ್ಷಿಸಿ. ಗಟ್ಟಿಯಾದ ಜೆಲ್ ಅನ್ನು ಹಾಗೆಯೇ ಇಟ್ಟರೆ ಕೆಲವು ಯಂತ್ರಗಳು ಓದುವುದಿಲ್ಲ, ತೂಕ ಮಾಡಿ ನೀರು ಬೆರೆಸಿ ತೆಳುವಾಗಿಸಬೇಕು. ಬೆರೆಸಿದ ಪ್ರಮಾಣವನ್ನು ಅಲ್ಲಿಯೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂಜೆ ಬರೆದರಾಯಿತೆಂದು ಬಿಟ್ಟು ನಾನೊಮ್ಮೆ ವಾರದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಗಿತ್ತು.